ತೆಳುಗಾಳಿಗೆ ಒಂದು ಗಾಡಿ

ನಮ್ಮ ಊರಿನಲ್ಲಿ ಗಾಳಿ ತೆಳುವಾದ ದಿನ ಕಾಗೆಗಳು ನಡೆದುಕೊಂಡು ಓಡಾಡುತ್ತವೆ. ಎಷ್ಟು ರೆಕ್ಕೆ ಬಡಿದರೂ ಮೈ ಮೇಲೇಳುವುದಿಲ್ಲವೆಂದು ಅವಕ್ಕೂ ಗೊತ್ತು. ಮಾರ್ಕೆಟ್ಟಿನ ಬೀದಿಯಲ್ಲಿ ಜನರ ಕಾಲಿನ ನಡುವೆ ಜಾಗ ಮಾಡಿಕೊಂಡು, ಯಾವ ಅವಸರವೂ ಇಲ್ಲದೆ ಹೋಗುತ್ತಿರುತ್ತವೆ. ಅವನ್ನು ಕಂಡೊಡನೆ ಹೆಂಗಸರು, ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಯುವುದಿಲ್ಲವೆಂದು, ಅನ್ನದ ಪಾತ್ರೆ ಒಳಗಿಟ್ಟು ಕುಕ್ಕರ್ ತೆಗೆಯುತ್ತಾರೆ. ಶಾಲೆಯಲ್ಲಿ ಆಟದ ಪಿರಿಯಡ್ ರದ್ದಾಗಿ ಮಕ್ಕಳು ಪೆಚ್ಚುಮೋರೆ ಹಾಕಿಕೊಂಡು ಲೆಕ್ಕಕ್ಕೆ ಕೂರುತ್ತಾರೆ. ಜಗಳವಾಡುತ್ತಿದ್ದವರು ಉಸಿರು ಸಾಲದೆ ಜಗಳವನ್ನು ಮುಂದಕ್ಕೆ ಹಾಕುತ್ತಾರೆ. ನನ್ನ ಗಂಡ ಓಂಕಾರಪ್ಪ ಬೇಕರಿ ನಡೆಸುತ್ತಾರೆ. ಅಂಥ ದಿನ ಬನ್ನುಗಳು ಅಳತೆ ಮೀರಿ ಉಬ್ಬಿ ಕುಸಿಯುವುದರಿಂದ ಅವರು ಈಸ್ಟ್ ಕಡಿಮೆ ಮಾಡಿ, ಹಿಟ್ಟನ್ನು ಗಟ್ಟಿಯಾಗಿ ನಾದುತ್ತಾರೆ. ತೆಳುಗಾಳಿ ಯಾವಾಗ ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂದು ಹೇಳಬಲ್ಲವರು ಯಾರೂ ಇಲ್ಲ.

ಗಟ್ಟಿಮುಟ್ಟಾಗಿರುವವರಿಗೆ ಅದೇನೂ ದೊಡ್ಡ ತೊಂದರೆಯಲ್ಲ. ಆದರೆ ಎದೆ ದುರ್ಬಲವಾದವರು, ವಯಸ್ಸಾದವರು, ಹಸುಗೂಸುಗಳು ಆ ದಿನಗಳಲ್ಲಿ ನೀಲಿಗಟ್ಟುತ್ತಾರೆ. ಅವರನ್ನು ಊರ ಗಡಿಯ ಕಲ್ಲುಕಂಬ ದಾಟಿಸಿ ಆಚೆಯ ಆಸ್ಪತ್ರೆಗೆ ಮುಟ್ಟಿಸಬೇಕು. ಕಂಬದ ಆಚೆ ಗಾಳಿ ಯಾವತ್ತೂ ಸರಿಯಾಗಿಯೇ ಇರುತ್ತದೆ. ಕಂಬದವರೆಗಿನ ರಸ್ತೆ ಮಾತ್ರ ಉದ್ದಕ್ಕೂ ಏರು, ಕಂಬ ದಾಟಿದ ಮೇಲೂ ಸ್ವಲ್ಪ ದೂರ ಏರೇ. ಆ ಏರು ಹತ್ತಿಸುವ ಕೆಲಸ ನಮ್ಮ ಮನೆಯವರದು. ಮೊದಲು ನನ್ನ ಮಾವ ತಿಪ್ಪೇಸ್ವಾಮಿಯವರು ಊರ ಸಂಘದ ಜೀಪು ಓಡಿಸುತ್ತಿದ್ದರು. ಅವರ ಮಂಡಿ ಕೈಕೊಟ್ಟ ಮೇಲೆ ಸ್ಟೀರಿಂಗ್ ನನ್ನ ಕೈಗೆ ಬಂತು. ಓಂಕಾರಪ್ಪನವರಿಗೆ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಕೂತರೂ ಅಂಗೈ ಬೆವರುತ್ತದೆ.

ಜೀಪು ಹಳೆಯದು, ಕಾರ್ಬುರೇಟರ್ ಇದ್ದದ್ದು. ತೆಳುಗಾಳಿಯ ದಿನ ಮಾವ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಸ್ಕ್ರೂ ಡ್ರೈವರಿನಿಂದ ಒಂದು ಪುಟ್ಟ ಸ್ಕ್ರೂವನ್ನು ಚೂರೇ ಚೂರು ತಿರುಗಿಸಿ, ಕಿವಿಗೊಟ್ಟು ಕೇಳುತ್ತಿದ್ದರು. ಗಾಳಿ ಕಡಿಮೆಯಾದಾಗ ಪೆಟ್ರೋಲನ್ನೂ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಎಂಜಿನ್ನಿಗೆ ಅಜೀರ್ಣವಾಗುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಕೊನೆಗೆ ಜೀಪಿನ ಚಾಸಿಯೇ ತುಕ್ಕು ಹಿಡಿದು ಬಿರಿಯಿತು. ಸಂಘದವರು ಹೊಸ ವ್ಯಾನು ತಂದರು. ಬಿಳಿ ಬಣ್ಣ, ಪಕ್ಕಕ್ಕೆ ಜಾರುವ ಬಾಗಿಲು, ಸ್ಟ್ರೆಚರ್ ಇಡಲು ಜಾಗ. ಮಾವ ಬಾನೆಟ್ ಎತ್ತಿ ತುಂಬ ಹೊತ್ತು ಹುಡುಕಿದರು. ತಿರುಗಿಸುವಂಥ ಸ್ಕ್ರೂ ಒಂದೂ ಇರಲಿಲ್ಲ. ಎಲ್ಲವನ್ನೂ ಇಸಿಯು ಅನ್ನುವ ಒಂದು ಪೆಟ್ಟಿಗೆ ನೋಡಿಕೊಳ್ಳುತ್ತದೆ, ಅದು ಎಂಜಿನ್ನಿನ ಕಂಪ್ಯೂಟರ್ ಎಂದು ವ್ಯಾನು ತಂದುಕೊಟ್ಟವನು ಹೇಳಿದ. ಮಾವ ಬಾನೆಟ್ ಮುಚ್ಚಿ ಕೈ ಒರೆಸಿಕೊಂಡರು.

ಮೊದಲ ತೆಳುಗಾಳಿಯ ದಿನ ಹೂವಿನಂಗಡಿಯ ಪುಷ್ಪಾವತಮ್ಮನಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಅವರನ್ನು ಮಲಗಿಸಿಕೊಂಡು ಹೊರಟೆ. ಏರು ಶುರುವಾಗುವಾಗಲೇ ಸೈಲೆನ್ಸರಿನಿಂದ ಕಪ್ಪು ಹೊಗೆ. ಅರ್ಧ ಏರಿಗೆ ಮೀಟರಿನಲ್ಲಿ, ಎಂಜಿನ್ನಿನಲ್ಲಿ ಏನೋ ತಪ್ಪಿದೆ ಎನ್ನುವ ಹಳದಿ ದೀಪ ಹತ್ತಿತು. ಆಮೇಲೆ ಆಕ್ಸಿಲರೇಟರನ್ನು ಎಷ್ಟು ತುಳಿದರೂ ವ್ಯಾನು ಮನುಷ್ಯರು ನಡೆಯುವಷ್ಟು ವೇಗದಲ್ಲೇ ತೆವಳಿ, ಕೊನೆಗೆ ನಿಂತುಹೋಯಿತು. ಹೊಲದಲ್ಲಿದ್ದವರು ಓಡಿಬಂದು ತಳ್ಳಿದರು. ಆ ಗಾಳಿಯಲ್ಲಿ ತಳ್ಳುವುದೆಂದರೇನು! ಹತ್ತು ಹೆಜ್ಜೆಗೊಮ್ಮೆ ಕೂತು ಏದುಸಿರು ಬಿಟ್ಟು ಮತ್ತೆ ತಳ್ಳುತ್ತಿದ್ದರು. ಹೇಗೋ ಕಂಬ ದಾಟಿಸಿದೆವು. ಪುಷ್ಪಾವತಮ್ಮ ಬದುಕಿದರು, ಆದರೆ ಮೆದುಳಿಗೆ ಉಸಿರು ಸಾಲದೆ ಬಲಗೈ ಬಿದ್ದುಹೋಯಿತು. ಅಲ್ಲಿಂದ ಮುಂದೆ ಅವರ ಅಂಗಡಿಯಲ್ಲಿ ಹೂ ಕಟ್ಟುವವರು ಬೇರೆ.

ನೋಡಲು ಹೋದಾಗ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗಬಹುದಿತ್ತು. ಸುಮ್ಮನೆ ಎಡಗೈಯಲ್ಲಿ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ವ್ಯಾನನ್ನು ಸರಿಮಾಡಿಸದೆ ಬಿಡುವುದಿಲ್ಲ ಎಂದು ನಾನು ಅವರಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಆದರೆ ಆ ಮನೆಯ ಮೆಟ್ಟಿಲು ಇಳಿಯುವಾಗ ಅದು ತೀರ್ಮಾನವಾಗಿಹೋಗಿತ್ತು.

ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಹಾಕಿ ನೋಡಿ, ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಕೆಟ್ಟಿದೆ ಎಂದು ಹೊಸದು ಹಾಕಿದರು. ಮುಂದಿನ ತೆಳುಗಾಳಿಗೂ ಅದೇ ಹಾಡು. ಎರಡನೆಯ ಸಲ ಹೋದಾಗ ಅಲ್ಲಿನ ಎಂಜಿನಿಯರ್ ನನ್ನನ್ನು ಕೂರಿಸಿ ಸಮಾಧಾನವಾಗಿ ವಿವರಿಸಿದ. ಸೆನ್ಸರ್ ಸರಿಯಾಗಿಯೇ ಇದೆ, ಅದು ಹೇಳುವುದನ್ನು ಇಸಿಯು ನಂಬುತ್ತಿಲ್ಲ. ಗಾಳಿ ಇಷ್ಟು ಕಡಿಮೆಯಾಗಲು ಸಾಧ್ಯವೇ ಇಲ್ಲವೆಂದು ಅದಕ್ಕೆ ಬರೆದಿಟ್ಟಿದ್ದಾರೆ. ಹಾಗಾಗಿ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದುಕೊಂಡು, ಗಾಳಿ ತುಂಬಿ ತುಳುಕುತ್ತಿದೆ ಎಂಬ ಲೆಕ್ಕದಲ್ಲಿ ಪೆಟ್ರೋಲ್ ಸುರಿಯುತ್ತದೆ. ಆಮೇಲೆ ಎಂಜಿನ್ ಹಾಳಾಗದಿರಲಿ ಎಂದು ಶಕ್ತಿಯನ್ನೂ ಕಟ್ಟಿಹಾಕುತ್ತದೆ. ಅದರಲ್ಲಿ ಬರೆದಿರುವುದನ್ನು ಬದಲಾಯಿಸುವ ಅಧಿಕಾರ ತಮಗಿಲ್ಲ, ಬೇರೆಯವರು ಬದಲಾಯಿಸಿದರೆ ವಾರಂಟಿ ಹೋಗುತ್ತದೆ ಎಂದೂ ಹೇಳಿದ. ಒಳ್ಳೆಯ ಹುಡುಗ. ಹೊರಡುವಾಗ, ರೇಸ್ ಕಾರುಗಳಿಗೆ ಇಸಿಯು ಟ್ಯೂನ್ ಮಾಡುವ, ಅಂದರೆ ಅದರೊಳಗಿನ ಲೆಕ್ಕ ಬದಲಿಸಿ ಹದಗೊಳಿಸುವ, ಜೆರೋಮ್ ಮಸ್ಕರೇನಸ್ ಎಂಬವರ ಫೋನ್ ನಂಬರನ್ನು ಕೊಟ್ಟ.

ಜೆರೋಮ್ ನನ್ನ ಮಾತು ಕೇಳಿ ಮೊದಲು ನಕ್ಕರು, ಆಮೇಲೆ ಕುತೂಹಲಕ್ಕೇ ಬಂದರು. ಕೆಲವು ದಿನ ನಮ್ಮ ಮನೆಯಲ್ಲೇ ಇದ್ದರು. ಬಂದ ದಿನದಿಂದ ಹೋಗುವವರೆಗೂ ಗಾಳಿ ಏನೂ ಗೊತ್ತಿಲ್ಲದ ಹಾಗೆ ಸರಿಯಾಗಿತ್ತು. ಕಾಗೆಗಳು ಹಾರಿಕೊಂಡೇ ಇದ್ದವು. ಅವರು ಬನ್ನು ತಿಂದು ಆಕಾಶ ನೋಡುತ್ತಾ ಕೂತರು. ಕೊನೆಗೆ ಶೆಡ್ಡಿಗೆ ಬಂದು ನನ್ನ ಎದುರು ಲ್ಯಾಪ್‌ಟಾಪ್ ಇಟ್ಟರು.

“ನೋಡಿ ಮೇಡಂ, ಇಲ್ಲದಿರೋ ಗಾಳಿಗೆ ನಾನು ಟ್ಯೂನ್ ಮಾಡಕ್ಕಾಗಲ್ಲ. ಅದು ಬಂದಾಗ ಇಲ್ಲಿರೋರು ನೀವು. ನೀವೇ ಕಲೀಬೇಕು.”

ನಾನು ಹತ್ತನೇ ಕ್ಲಾಸು ಪಾಸಾದವಳು, ಲ್ಯಾಪ್‌ಟಾಪ್ ಮುಟ್ಟಿದ್ದು ಅದೇ ಮೊದಲು. ಆಗುತ್ತದೆಯೇ ಎಂದು ಕೇಳಿದೆ. ಬೇಕರಿಯಲ್ಲಿ ನಿಮ್ಮೆಜಮಾನರು ಮಾಡುವುದು ಇದನ್ನೇ ಎಂದರು ಅವರು. ತೆರೆಯ ಮೇಲೆ ಅಂಕಿಗಳ ಒಂದು ದೊಡ್ಡ ಚೌಕ ತೋರಿಸಿದರು. ಒಂದು ಕಡೆ ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದು, ಇನ್ನೊಂದು ಕಡೆ ಅದರ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದು, ಎರಡೂ ಕೂಡುವ ಮನೆಯಲ್ಲಿ ಎಷ್ಟು ಪೆಟ್ರೋಲ್ ಎಂಬುದು. ಇದಕ್ಕೆ ಮ್ಯಾಪ್ ಎನ್ನುತ್ತಾರೆ. ಗಾಳಿಯ ಒತ್ತಡಕ್ಕೆ ತಕ್ಕಂತೆ ಈ ಅಂಕಿಗಳನ್ನು ಹೆಚ್ಚುಕಡಿಮೆ ಮಾಡುವ ಇನ್ನೊಂದು ಚಿಕ್ಕ ಚೌಕವಿತ್ತು. ಅದು ಕೊನೆಯಾಗುವ ಜಾಗದಿಂದಲೇ ನಮ್ಮ ಊರು ಶುರುವಾಗುತ್ತಿತ್ತು.

ಜೆರೋಮ್ ಕಲಿಸಿದ ಮೊದಲ ಪಾಠದಲ್ಲಿ ಲ್ಯಾಪ್‌ಟಾಪಿನ ಮಾತೇ ಇರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ, ಏರ್ ಫಿಲ್ಟರ್ ನೋಡಿ, ಗಾಳಿಯ ಪೈಪುಗಳಲ್ಲಿ ಎಲ್ಲಾದರೂ ಬಿರುಕು ಇದೆಯೇ ನೋಡಿ ಎಂದರು. ಕಾಯಿಲೆಯ ಎಂಜಿನ್ನನ್ನು ಟ್ಯೂನ್ ಮಾಡಿದರೆ ಕಾಯಿಲೆಯನ್ನೇ ಟ್ಯೂನ್ ಮಾಡಿದಂತಾಗುತ್ತದೆಯಂತೆ. ಆಮೇಲೆ, ಏನನ್ನೂ ಮುಟ್ಟುವ ಮೊದಲು ಇಸಿಯುವಿನಲ್ಲಿ ಈಗ ಇರುವುದನ್ನು ಹಾಗೆಯೇ ಓದಿ, ನಕಲು ತೆಗೆದು ಬೇರೆ ಬೇರೆ ಕಡೆ ಇಡಬೇಕು. ಏನು ಹಾಳಾದರೂ ಅಲ್ಲಿಗೆ ಹಿಂದಿರುಗಬಹುದು. ಹೊಸದನ್ನು ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಹಾಕಿರಬೇಕು, ನಡುವೆ ಕರೆಂಟು ಸೋತರೆ ಇಸಿಯು ಕಲ್ಲಾಗುತ್ತದೆ, ಮತ್ತೆ ಏಳುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಊಹೆ ಮಾಡಬಾರದು, ಅಳೆಯಬೇಕು. ಅಳೆಯಲು ಸೈಲೆನ್ಸರಿನ ಪೈಪಿಗೆ ಒಂದು ಸೆನ್ಸರ್ ಕೂರಿಸಿ, ಡ್ಯಾಶ್‌ಬೋರ್ಡಿನ ಮೇಲೆ ಅದರ ಮೀಟರ್ ಅಂಟಿಸಿದರು. ಉರಿಯುವಾಗ ಪೆಟ್ರೋಲ್ ಹೆಚ್ಚಾಯಿತೋ ಗಾಳಿ ಹೆಚ್ಚಾಯಿತೋ ಎಂದು ಅದು ತೋರಿಸುತ್ತದೆ. ಲ್ಯಾಪ್‌ಟಾಪನ್ನೂ ಕೇಬಲ್ಲನ್ನೂ ನನ್ನ ಬಳಿಯೇ ಬಿಟ್ಟುಹೋದರು.

ಸಂಘದ ಅಧ್ಯಕ್ಷ ರುದ್ರಮುನಿಯವರ ಒಪ್ಪಿಗೆ ಪಡೆಯುವುದು ಕಷ್ಟವಾಯಿತು. ವಾರಂಟಿ ಹೋಗುತ್ತದೆ ಎಂಬುದೊಂದೇ ಅವರ ತಲೆಯಲ್ಲಿತ್ತು. ತೆಳುಗಾಳಿಯ ದಿನ ಏರು ಹತ್ತದ ವ್ಯಾನಿಗೆ ವಾರಂಟಿ ಇದ್ದು ಏನು ಮಾಡುವುದು ಎಂದು ನಾನು ಕೇಳಿದೆ. ಅವರು ಅರೆಮನಸ್ಸಿನಿಂದ ಸಹಿ ಹಾಕಿದರು.

ಗಾಳಿ ಸರಿಯಾಗಿದ್ದ ದಿನಗಳಲ್ಲೆಲ್ಲ ನಾನು ವ್ಯಾನು ಓಡಿಸಿ, ಅದು ಏನು ಮಾಡುತ್ತಿದೆ ಎಂದು ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡು, ಅಡುಗೆಮನೆಯಲ್ಲಿ ಕೂತು ಓದಿದೆ. ಸಾರು ಉಕ್ಕಿ ಒಲೆ ಆರಿದ್ದೂ ಉಂಟು. ಮೊದಮೊದಲು ಆ ಗೆರೆಗಳು ಗೋಜಲಾಗಿ ಕಂಡವು. ಕ್ರಮೇಣ ಇದು ಸೇತುವೆಯ ಹತ್ತಿರ ನಾನು ಗೇರು ಬದಲಿಸಿದ್ದು, ಇದು ಎಮ್ಮೆ ಅಡ್ಡ ಬಂದದ್ದು ಎಂದು ಗುರುತು ಹತ್ತತೊಡಗಿತು. ಮಾವ ಬಾಗಿಲಲ್ಲಿ ನಿಂತು ನೋಡಿ, ಎಂಜಿನ್ನಿನ ಸದ್ದು ಕೇಳಲು ಕಣ್ಣು ಯಾಕೆ ಬೇಕು ಎಂದು ಗೊಣಗಿ ಹೋಗುತ್ತಿದ್ದರು.

ತೆಳುಗಾಳಿ ಬಂದ ಬೆಳಿಗ್ಗೆ ಮಾತ್ರ ನಾನು ಶೆಡ್ಡಿಗೆ ಹೋಗುವಷ್ಟರಲ್ಲಿ ಅವರು ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದರು. ನಾನು ಗಾಳಿಯ ಚೌಕಕ್ಕೆ ಹೊಸ ಸಾಲುಗಳನ್ನು ಸೇರಿಸಿ, ‘ಇಷ್ಟಕ್ಕಿಂತ ಕಡಿಮೆಯಾದರೆ ನಂಬಬೇಡ’ ಎಂಬ ಮಿತಿಯನ್ನು ಕೆಳಗಿಳಿಸಿ ಬರೆದೆ. ಹಳದಿ ದೀಪ ಹತ್ತಲಿಲ್ಲ. ಪೆಟ್ರೋಲ್ ಇನ್ನೂ ಹೆಚ್ಚಾಗಿಯೇ ಇತ್ತು. ಕಡಿಮೆ ಮಾಡಿದೆ, ಓಡಿಸಿದೆ, ಮತ್ತೆ ಕಡಿಮೆ ಮಾಡಿದೆ. ಒಂದು ಹಂತದಲ್ಲಿ ಎಂಜಿನ್ ಮುಗ್ಗರಿಸಿತು. ಮೀಟರ್ ತೋರಿಸುವ ಮೊದಲೇ ಮಾವ ಕೈಯೆತ್ತಿದರು. ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಬಂದೆ. ಹೊಗೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ವ್ಯಾನು ಆ ಏರನ್ನು ಮೂರನೆಯ ಗೇರಿನಲ್ಲಿ ಹತ್ತುತ್ತಿತ್ತು. ಹೊಲದಲ್ಲಿದ್ದವರು ಎದ್ದು ನಿಂತು ನೋಡಿದರು. ನಾನು ಹಾರ್ನ್ ಹೊಡೆದೆ. ಹೆಮ್ಮೆಯಲ್ಲಿ ಕಂಬವನ್ನೂ ದಾಟಿಸಿಬಿಟ್ಟೆ.

ಕಂಬ ದಾಟಿದ ಮರುಕ್ಷಣ ಎಂಜಿನ್ನಿನ ಒಳಗೆ ಯಾರೋ ಕಾದ ಬಾಣಲೆಗೆ ಕಡಲೆ ಸುರಿದಂತೆ ಸದ್ದು.

“ಕಾಲ್ ತೆಗಿ,” ಎಂದರು ಮಾವ. “ಆಫ್ ಮಾಡು, ಕಮ್ಲಾಕ್ಷಿ.”

ಆಫ್ ಮಾಡಿದೆ. ಬಾನೆಟ್ಟಿನಿಂದ ಸುಟ್ಟ ವಾಸನೆ ಬಂತು. ಆಮೇಲೆ ಪ್ಲಗ್ ಬಿಚ್ಚಿದರೆ ಒಂದರ ತುದಿ ಕರಗಿ ಬೆಳ್ಳಗಾಗಿತ್ತು. ಕಂಬದ ಆಚೆ ಒಮ್ಮೆಲೇ ಗಾಳಿ ದಟ್ಟವಾಯಿತು, ಇಸಿಯು ಮಾತ್ರ ಇನ್ನೂ ತೆಳುಗಾಳಿಯ ಗುಂಗಿನಲ್ಲೇ ಇತ್ತು. ಅಷ್ಟು ಗಾಳಿಗೆ ಸಾಲದಷ್ಟು ಪೆಟ್ರೋಲ್ ಹೋಗಿ ಎಂಜಿನ್ ಒಳಗೊಳಗೇ ಬೆಂದಿತ್ತು. ಇನ್ನೊಂದು ಸ್ವಲ್ಪ ದೂರ ಓಡಿಸಿದ್ದರೆ ಪಿಸ್ಟನ್ನೇ ತೂತಾಗುತ್ತಿತ್ತು.

ಊರಿನಲ್ಲಿ ಸುದ್ದಿ ಹರಡಲು ತಡವಾಗಲಿಲ್ಲ. ಸಂಘದ ಸಭೆ ಸೇರಿತು. ವ್ಯಾನನ್ನು ಮಾರಿ ಎಲ್ಲಿಂದಾದರೂ ಹಳೆಯ ಜೀಪು ಹುಡುಕುವುದೆಂದು ರುದ್ರಮುನಿಯವರು ಹೇಳಿದರು. ಹಳೆಯ ಜೀಪುಗಳು ಎಲ್ಲಿವೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ನಾನು ಕೇಳಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಆಗ ಹಿಂದಿನ ಬೆಂಚಿನಿಂದ ಪುಷ್ಪಾವತಮ್ಮ ಎದ್ದರು. ಅವರ ಮಾತು ಈಗ ಸ್ವಲ್ಪ ತೊದಲುತ್ತದೆ. ಎಲ್ಲರೂ ಕಾದರು.

“ಆ ಗಾಡೀಲಿ ಮಲಗಿದ್ದೋಳು ನಾನು,” ಎಂದರು. “ಕೈ ಹೋಗಿದ್ದು ನಂದು. ಅವ್ಳು ಒಬ್ಳಾದ್ರೂ ಅದನ್ನ ಮುಟ್ಟಿ ನೋಡ್ತಾವ್ಳೆ. ನೀವ್ಯಾರು ಮುಟ್ಟಿದ್ದೀರಿ?”

ರುದ್ರಮುನಿಯವರು ಕನ್ನಡಕ ತೆಗೆದು ಒರೆಸಿದರು. ಮುಂದಿನ ತೆಳುಗಾಳಿ ಮುಗಿಯುವವರೆಗೆ ನೋಡೋಣ ಎಂದರು.

ಮಾವನ ಪ್ರಕಾರ ಕಂಬದ ಹತ್ತಿರದ ಆ ತೊಂದರೆಗೆ ಸುಲಭದ ದಾರಿಯಿತ್ತು. ಕಂಬದ ಹತ್ತಿರ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಇಸಿಯು ಹೊಸದಾಗಿ ಗಾಳಿ ಅಳೆದುಕೊಳ್ಳುತ್ತದೆ. ಶೆಡ್ಡಿನಲ್ಲೇ ಲ್ಯಾಪ್‌ಟಾಪ್ ಹಾಕಿ ಪರೀಕ್ಷೆ ಮಾಡಿ ನೋಡಿದೆ, ಅದು ನಿಜ. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಹಿಂದೆ ಒಬ್ಬರು ಉಸಿರಿಗೆ ಒದ್ದಾಡುತ್ತಿರುವಾಗ ಏರಿನ ನಡುವೆ ನಿಲ್ಲಿಸುವುದು ಮರೆತುಹೋದರೆ? ನನಗೇ ಜ್ವರ ಬಂದು ಬೇರೆ ಯಾರಾದರೂ ಓಡಿಸಬೇಕಾಗಿ ಬಂದರೆ? ಮಾವ ಕೋಪ ಮಾಡಿಕೊಂಡರು. ತಾವು ಅಷ್ಟು ವರ್ಷ ಪ್ರತಿ ಸಲವೂ ಇಳಿದು ಬಾನೆಟ್ ಎತ್ತಿದವರು, ನಿನಗೆ ಒಂದು ಕೀ ತಿರುಗಿಸಲು ಆಗುವುದಿಲ್ಲವೇ ಎಂದರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಜೆರೋಮ್‌ಗೆ ಫೋನ್ ಮಾಡಿದೆ. ಸೆನ್ಸರ್ ಹೇಳುವುದನ್ನು ಇಸಿಯು ಒಂದೇ ಸಲಕ್ಕೆ ಒಪ್ಪುವುದಿಲ್ಲ, ಹಿಂದಿನ ಅಂಕಿಗಳ ಜೊತೆ ಬೆರೆಸಿ ನಿಧಾನವಾಗಿ ಒಪ್ಪುತ್ತದೆ. ಎಷ್ಟು ನಿಧಾನ ಎನ್ನುವುದಕ್ಕೂ ಒಂದು ಅಂಕಿ ಇರಲೇಬೇಕು ಎಂದರು. ಹುಡುಕಿ ಹುಡುಕಿ ನನ್ನ ಕಣ್ಣು ಉರಿಯಿತು. ಹೆಸರೇ ಇಲ್ಲದ ಸಾಲುಗಳ ನಡುವೆ ಅದು ಕೂತಿತ್ತು. ನಾನು ಫೋಟೊ ಕಳಿಸಿ ತೋರಿಸಿದ್ದು ಅದೇ ಹೌದೆಂದು ಜೆರೋಮ್ ಖಚಿತಪಡಿಸಿದರು. ತೀರ ಕಡಿಮೆ ಮಾಡಿದರೆ ಸಣ್ಣ ಗಾಳಿ ಬೀಸಿದರೂ ಎಂಜಿನ್ ಬೆಚ್ಚಿಬೀಳುತ್ತದೆ, ಹುಷಾರು ಎಂದರು.

ಮುಂದಿನ ತೆಳುಗಾಳಿ ಬಹಳ ಕಾಯಿಸಿತು. ಬಂದಾಗ ಮಾವನಿಗೆ ಕೆಮ್ಮು ಹಿಡಿದಿತ್ತು. ಅವರನ್ನು ಕರೆದೊಯ್ಯುವಂತಿರಲಿಲ್ಲ. ಮೀಟರ್ ಓದಿ ಹೇಳಲು ಒಬ್ಬರು ಬೇಕಿತ್ತು. ಓಂಕಾರಪ್ಪನವರು ಬೇಕರಿಯ ಬಾಗಿಲು ಎಳೆದು, ಹಿಟ್ಟಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಬಂದು ಕೂತರು. ಕಂಬದ ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ದಿನವಿಡೀ ಓಡಿಸಿದೆ. ಪ್ರತಿ ಸಲವೂ ಆ ಒಂದೇ ಅಂಕಿಯನ್ನು ಚೂರು ಇಳಿಸಿ ನೋಡಿದೆ. ಅವರು ಒಂದು ಕೈಯಲ್ಲಿ ಬಾಗಿಲ ಹಿಡಿ ಹಿಡಿದುಕೊಂಡು, ರಸ್ತೆಯ ಕಡೆ ಅಪ್ಪಿತಪ್ಪಿಯೂ ನೋಡದೆ, ಮೀಟರಿನ ಅಂಕಿಗಳನ್ನು ಮಂತ್ರದ ಹಾಗೆ ಹೇಳುತ್ತಿದ್ದರು. ಒಮ್ಮೆ ಅತಿಯಾಗಿ ಇಳಿಸಿದ್ದರಿಂದ ಎದುರಿನಿಂದ ಲಾರಿ ಹಾದುಹೋದ ಗಾಳಿಗೇ ವ್ಯಾನು ಬಿಕ್ಕಿತು. ಮತ್ತೆ ಏರಿಸಿದೆ. ಸಂಜೆಯ ಹೊತ್ತಿಗೆ ಕಂಬದ ಹತ್ತಿರ ಸದ್ದು ಕೇಳಿಸಲಿಲ್ಲ. ನನಗೆ ಕೇಳಿಸಲಿಲ್ಲ ಎಂದಷ್ಟೇ ಹೇಳಬಲ್ಲೆ. ಕೇಳಬೇಕಾದ ಕಿವಿ ಮನೆಯಲ್ಲಿತ್ತು.

ಗಾಳಿ ಮರುದಿನ ಇನ್ನೂ ತೆಳುವಾಯಿತು. ಅಷ್ಟು ತೆಳುವಾದದ್ದನ್ನು ನಾನು ನೋಡಿರಲಿಲ್ಲ. ಒಲೆಯ ಬೆಂಕಿ ಹಳದಿಯಾಗಿ ನಾಲಿಗೆ ಚಾಚುತ್ತಿತ್ತು. ಹಾಲು ಕಾಯಿಸುತ್ತಿದ್ದಾಗ ಮಾವನ ಕೆಮ್ಮು ನಿಂತದ್ದು ಗಮನಕ್ಕೆ ಬಂತು. ಹೋಗಿ ನೋಡಿದರೆ ಗೋಡೆಗೊರಗಿ ಕೂತಿದ್ದಾರೆ, ತುಟಿ ನೇರಳೆಯಾಗಿದೆ, ಕೈಯಲ್ಲಿ ಬೆಡ್‌ಶೀಟನ್ನು ಹಿಂಡುತ್ತಿದ್ದಾರೆ. ನಾನೂ ಓಂಕಾರಪ್ಪನವರೂ ಎತ್ತಿ ವ್ಯಾನಿನಲ್ಲಿ ಮಲಗಿಸಿದೆವು. ಪುಷ್ಪಾವತಮ್ಮನಿಗೆ ಹಾಗಾದ ಮೇಲೆ ಸಂಘದವರು ತಂದಿಟ್ಟಿದ್ದ ಪುಟ್ಟ ಆಕ್ಸಿಜನ್ ಸಿಲಿಂಡರಿನ ಮಾಸ್ಕ್ ಹಾಕಿ, ಓಂಕಾರಪ್ಪನವರು ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

ಏರು ಹತ್ತುವಾಗ ನಾನು ಏನನ್ನೂ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ತುಂಬಿಸಿದ ಸಾಲುಗಳು ಹಿಂದಿನ ದಿನಗಳ ಗಾಳಿಗೆ ಅಳೆದಂಥವು, ಇದು ಅದಕ್ಕಿಂತಲೂ ಕೆಳಗೆ. ಕೊನೆಯ ಸಾಲು ಮಾತ್ರ ಅಳೆಯದೆ, ಮೇಲಿನ ಸಾಲುಗಳ ಇಳಿತ ನೋಡಿಕೊಂಡು ಬರೆದದ್ದು. ಈಗ ಅದೇ ಸಾಲಿನ ಮೇಲೆ ಮಾವನ ಜೀವ ಹತ್ತುತ್ತಿತ್ತು. ಎಂಜಿನ್ ಒಮ್ಮೆ ತಡವರಿಸಿತು. ಗೇರು ಇಳಿಸಿ, ಕಾಲನ್ನು ಹದವಾಗಿಟ್ಟೆ. ಸುಧಾರಿಸಿಕೊಂಡಿತು. ಹಳದಿ ದೀಪ ಹತ್ತುತ್ತದೆಯೇನೋ ಎಂದು ಕಾಯುತ್ತಲೇ ಇದ್ದೆ, ಹತ್ತಲಿಲ್ಲ. ಕಂಬ ಕಂಡಿತು. ದಾಟಿದೆವು. ಎಂಜಿನ್ನಿನ ಧ್ವನಿ ಒಮ್ಮೆಲೇ ದಪ್ಪವಾಯಿತು, ಅಷ್ಟೆ. ಹಿಂದಿನಿಂದ ಮಾವ ಆಳವಾಗಿ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಓಂಕಾರಪ್ಪನವರು ಅಳುತ್ತಿದ್ದರು.

ಆಸ್ಪತ್ರೆಯಲ್ಲಿ ಮಾವನನ್ನು ಒಳಗೆ ಮಲಗಿಸಿ, ಡಾಕ್ಟರು ಪರವಾಗಿಲ್ಲ ಎಂದಷ್ಟೇ ಹೇಳುವ ಹೊತ್ತಿಗೆ ಊರಿನಿಂದ ಫೋನು. ಶಾಲೆಯ ಮೇಡಂ ಇಂದುಮತಿಯ ಮಗು, ಹುಟ್ಟಿ ತಿಂಗಳೂ ತುಂಬಿರಲಿಲ್ಲ, ಮೊಲೆ ಕುಡಿಯುವುದನ್ನು ಬಿಟ್ಟು ನೀಲಿಯಾಗುತ್ತಿದೆ. ನಾನು ಫೋನು ಹಿಡಿದುಕೊಂಡು ಮಾವನ ಮಂಚದ ಪಕ್ಕ ನಿಂತೆ. ಅವರನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋಗುವುದು ಹೇಗೆ ಎಂದು ಕಾಲು ಏಳಲಿಲ್ಲ. ಅವರು ನನ್ನ ಮುಖ ನೋಡಿದರು. ಮಾಸ್ಕನ್ನು ಒಂದಿಷ್ಟು ಎತ್ತಿದರು.

“ಹೋಗು. ಗಾಡಿ ಇನ್ನೂ ಬಿಸಿ ಐತೆ.”

ಹೋದೆ. ಇಳಿಜಾರಿನಲ್ಲಿ ತೆಳುಗಾಳಿಗೆ ಹೊಕ್ಕಾಗ ನನ್ನದೇ ಕಿವಿ ಮುಚ್ಚಿಕೊಂಡಿತು. ಇಂದುಮತಿ ಬಾಗಿಲಲ್ಲೇ ನಿಂತಿದ್ದಳು. ತಾಯಿ ಮಗುವನ್ನು ಹತ್ತಿಸಿಕೊಂಡು ಮತ್ತೆ ಆ ಏರು. ಈ ಸಲ ತಡವರಿಸುವ ಜಾಗ ಗೊತ್ತಿತ್ತು, ಮುಂಚೆಯೇ ಗೇರು ಇಳಿಸಿದೆ. ಕಂಬ ದಾಟಿ ಮೊದಲ ತಿರುವು ತೆಗೆಯುವಷ್ಟರಲ್ಲಿ ಮಗು ಕಿರುಚಿ ಅಳತೊಡಗಿತು. ಆಸ್ಪತ್ರೆ ಬರುವವರೆಗೂ ಅದು ಅಳು ನಿಲ್ಲಿಸಲಿಲ್ಲ, ಇಂದುಮತಿಯೂ ಅದನ್ನು ಸುಮ್ಮನಾಗಿಸಲು ಹೋಗಲಿಲ್ಲ.

ಮಗುವನ್ನು ಒಪ್ಪಿಸಿ ಮಾವನ ಬಳಿಗೆ ಬಂದಾಗ ಮಧ್ಯಾಹ್ನದ ಊಟದ ತಟ್ಟೆಗಳನ್ನು ಎತ್ತುತ್ತಿದ್ದರು. ಮಾವನ ತುಟಿಗೆ ಬಣ್ಣ ಬಂದಿತ್ತು. ಮಗುವಿನ ಬಗ್ಗೆ ಕೇಳಿದರು, ಹೇಳಿದೆ. ಆಮೇಲೆ, ಕಂಬದ ಹತ್ತಿರ ಏನಾದರೂ ಸದ್ದು ಬಂತೇ ಎಂದು ಕೇಳಿದರು. ಇಲ್ಲ ಎಂದೆ. ಬರುವಾಗ ತಮಗೂ ಕೇಳಿಸಲಿಲ್ಲ ಎಂದರು. ಮಲಗಿದ್ದಲ್ಲಿಂದಲೇ, ಆ ಸ್ಥಿತಿಯಲ್ಲೂ, ಅವರು ಕಿವಿಗೊಟ್ಟಿದ್ದರು.

ಕೊನೆಯ ಸಾಲಿನಲ್ಲಿ ಎಂಜಿನ್ ಒಂದು ಸಲ ತಡವರಿಸುತ್ತದೆ, ಅದನ್ನೊಂದು ನೋಡಬೇಕು ಎಂದು ನಾನು ಹೇಳಿದೆ.

“ಹತ್ತಿತಲ್ಲ,” ಎಂದರು ಮಾವ. “ಇನ್ ಅದನ್ನ ಮುಟ್ಬೇಡ.”

ಆಯಿತು ಮಾವ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಮಾಸ್ಕ್ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು.